ನೂರರಲ್ಲಿ 18 ಮಂದಿ: ಟೀ ಪಾರ್ಟಿ ಚಳವಳಿ ಮತ್ತು ಅಮೆರಿಕದ ಜನಮತ

ಮಾನ್ಯರೆ,

2010ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೂ ಸಿಬಿಎಸ್ ಸುದ್ದಿವಾಹಿನಿಯೂ ಸೇರಿ ನಡೆಸಿದ ಒಂದು ಜನಮತ ಸಮೀಕ್ಷೆಯಿಂದ ನನ್ನ ಮಾತನ್ನು ಆರಂಭಿಸುತ್ತೇನೆ. ಅಮೆರಿಕದ ರಿಪಬ್ಲಿಕನ್ ಪಕ್ಷದೊಳಗೆ ಹುಟ್ಟಿ ಆಗಷ್ಟೇ ಒಂದು ವರ್ಷ ತುಂಬಿದ್ದ ‘ಟೀ ಪಾರ್ಟಿ’ ಎಂಬ ತೀವ್ರ ನಿಲುವಿನ ಚಳವಳಿಯನ್ನು ಬೆಂಬಲಿಸುತ್ತೇವೆ ಎಂದವರು ಆ ಸಮೀಕ್ಷೆಯಲ್ಲಿ ನೂರಕ್ಕೆ 18 ಮಂದಿ. ಈ ಚಳವಳಿಯವರ ಅಭಿಪ್ರಾಯವೇ ಬಹುಪಾಲು ಅಮೆರಿಕನ್ನರ ಅಭಿಪ್ರಾಯವೂ ಹೌದೇ ಎಂದು ಕೇಳಿದಾಗ, ಆ ಬೆಂಬಲಿಗರಲ್ಲಿ ಶೇ 84ರಷ್ಟು ಜನ ಹೌದೆಂದರು. ಒಟ್ಟು ಅಮೆರಿಕನ್ನರಲ್ಲಿ ಹಾಗೆಂದವರು ಶೇ 25 ಮಾತ್ರ.

ಈ 84ಕ್ಕೂ ಆ 25ಕ್ಕೂ ನಡುವಿನ ಅಂತರವೇ ಇಂದಿನ ಉಪನ್ಯಾಸದ ವಿಷಯ. ತಾನೇ ಜನತೆ ಎಂದು ಮನಸಾರೆ ನಂಬಿದ ಒಂದು ಅಲ್ಪಸಂಖ್ಯೆಯ ಗುಂಪು, ಜನತೆ ಹಾಗೆ ನಂಬದಿದ್ದರೂ, ಒಂದು ದೊಡ್ಡ ಪಕ್ಷವನ್ನು ಹೇಗೆ ತನ್ನ ಹಿಂದೆ ನಡೆಸಿಕೊಂಡು ಹೋಯಿತು ಎಂಬುದನ್ನು ಸಮೀಕ್ಷೆಗಳನ್ನೂ ಚುನಾವಣೆಗಳ ಫಲಿತಾಂಶವನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಬೇಕಾಗಿದೆ. ನಂಬಿದ್ದರು ಎಂಬ ಮಾತನ್ನು ನಾನು ಹಗುರವಾಗಿ ಆಡುತ್ತಿಲ್ಲ. ಅವರದು ನಟನೆಯಲ್ಲ. ಮನೆಯವರು, ಚರ್ಚಿನವರು, ನೆರೆಹೊರೆಯವರು, ಬೆಳಗಿನಿಂದ ಕೇಳುವ ರೇಡಿಯೊ, ಸಂಜೆ ನೋಡುವ ಫಾಕ್ಸ್ ನ್ಯೂಸ್, ಎಲ್ಲರೂ ಒಂದೇ ಮಾತನ್ನು ಹೇಳುತ್ತಿರುವಾಗ ಊರೆಲ್ಲ ಹಾಗೆಯೇ ಯೋಚಿಸುತ್ತಿದೆ ಎಂದು ಯಾರಿಗಾದರೂ ಅನ್ನಿಸೀತು.

ಚಳವಳಿಗೆ ಹೆಸರು ಬಿದ್ದದ್ದು 2009ರ ಫೆಬ್ರುವರಿ 19ರಂದು. ಅದಕ್ಕೆ ಹಿಂದಿನ ಅಕ್ಟೋಬರಿನಲ್ಲಿ, ಜಾರ್ಜ್ ಬುಷ್ ಇನ್ನೂ ಅಧ್ಯಕ್ಷರಾಗಿದ್ದಾಗಲೇ, ಮುಳುಗುತ್ತಿದ್ದ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರ್ ಮೊತ್ತದ ಕಾಯ್ದೆ ಬಂದಿತ್ತು. ಬರಾಕ್ ಒಬಾಮ ಬಂದ ಒಂದೇ ತಿಂಗಳಲ್ಲಿ 78,700 ಕೋಟಿ ಡಾಲರ್‌ಗಳ ಆರ್ಥಿಕ ಉತ್ತೇಜನಕ್ಕೆ ಸಹಿ ಬಿತ್ತು. ಅದರ ಮಾರನೆಯ ದಿನವೇ, ಮನೆಸಾಲದ ಕಂತು ಕಟ್ಟಲಾಗದೆ ಮನೆ ಕಳೆದುಕೊಳ್ಳುತ್ತಿದ್ದವರಿಗೆ ನೆರವು ನೀಡುವ ಯೋಜನೆ ಪ್ರಕಟವಾಯಿತು. ಇದರ ಮರುದಿನ ಸಿಎನ್‌ಬಿಸಿ ವಾಹಿನಿಯ ರಿಕ್ ಸಾಂಟೆಲಿ ಷಿಕಾಗೊ ವಿನಿಮಯ ಕೇಂದ್ರದ ನೆಲದ ಮೇಲೆ ನಿಂತು, ಸಾಲ ತೀರಿಸಲಾಗದ ನೆರೆಯವನ ಮನೆಯ ಕಂತನ್ನು ನೀವು ಕಟ್ಟುತ್ತೀರಾ ಎಂದು ಸುತ್ತಲಿದ್ದ ವ್ಯಾಪಾರಿಗಳನ್ನು ಕೂಗಿ ಕೇಳಿದರು. ಇಲ್ಲವೆಂದು ಅವರು ಅರಚಿದರು. ಷಿಕಾಗೊದಲ್ಲೊಂದು ಟೀ ಪಾರ್ಟಿ ನಡೆಸೋಣ ಎಂದು ಸಾಂಟೆಲಿ ಹೇಳಿದ್ದು ಆಗ. ಏಪ್ರಿಲ್ 15, ಅಂದರೆ ಅಲ್ಲಿ ಆದಾಯ ತೆರಿಗೆ ವಿವರ ಸಲ್ಲಿಸುವ ಕೊನೆಯ ದಿನ, ನೂರಾರು ಊರುಗಳಲ್ಲಿ ಜನ ಬೀದಿಗಿಳಿದರು. ಎಲ್ಲಕ್ಕಿಂತ ಮೊದಲು ಸಿಟ್ಟು ಬಂದದ್ದು ದೊಡ್ಡ ಬ್ಯಾಂಕುಗಳ ಮೇಲಲ್ಲ, ನೆರೆಯವನ ಮೇಲೆ ಎಂಬುದನ್ನು ತಾವು ಗಮನಿಸಬೇಕು. ಚಳವಳಿಯ ಮುಂದಿನ ನಡೆಯೆಲ್ಲ ಆ ಮೊದಲ ಸಿಟ್ಟಿನಲ್ಲಿ ಅಡಗಿತ್ತು ಎಂದು ನನ್ನ ಎಣಿಕೆ.

ಹೆಸರಿನ ಮೂಲ 1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ನಡೆದ ಘಟನೆ. ಈಸ್ಟ್ ಇಂಡಿಯಾ ಕಂಪನಿಗೆ ಸೇರಿದ 342 ಪೆಟ್ಟಿಗೆ ಚಹಾವನ್ನು ವಸಾಹತಿನ ಜನ ಅಂದು ಸಮುದ್ರಕ್ಕೆ ಸುರಿದರು. ಇಲ್ಲಿ ನಮ್ಮ ನಾಡಿನ ಒಂದು ಎಳೆಯೂ ಹಾದುಹೋಗುತ್ತದೆ. ಮೈಸೂರಿನ ಹೈದರ್ ಅಲಿ ಮದರಾಸಿನ ಬಾಗಿಲವರೆಗೆ ದಂಡೆತ್ತಿ ಹೋಗಿ 1769ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ರುಜು ಹಾಕಿಸಿಕೊಂಡ ಯುದ್ಧದ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರಿನ ಬೆಲೆ ಕುಸಿಯಿತು. ಮುಂದೆ ಬಂಗಾಳದ ಬರಗಾಲ, 1772ರ ಸಾಲದ ಬಿಕ್ಕಟ್ಟು, ಕಂಪನಿಯ ಅಧಿಕಾರಿಗಳ ಲೂಟಿ ಎಲ್ಲವೂ ಸೇರಿ ಅದು ದಿವಾಳಿಯ ಅಂಚಿಗೆ ಬಂದಿತು. ಮಾರಾಟವಾಗದೆ ಗೋದಾಮಿನಲ್ಲಿ ಬಿದ್ದಿದ್ದ ಚಹಾವನ್ನು ಅಮೆರಿಕದಲ್ಲಿ ನೇರವಾಗಿ ಮಾರಿಕೊಳ್ಳಲು ಬ್ರಿಟಿಷ್ ಸಂಸತ್ತು ಕಂಪನಿಗೆ ಅನುಮತಿ ಕೊಟ್ಟದ್ದು ಅದನ್ನು ಉಳಿಸಲಿಕ್ಕಾಗಿ. ಆ ಕಾಯ್ದೆಯಿಂದ ಚಹಾ ಅಗ್ಗವಾಗುವುದಿತ್ತೇ ಹೊರತು ತುಟ್ಟಿಯಾಗುವುದಿರಲಿಲ್ಲ. ನಮ್ಮ ಪ್ರತಿನಿಧಿಗಳಿಲ್ಲದ ಸಂಸತ್ತು ನಮ್ಮ ಮೇಲೆ ತೆರಿಗೆ ಹಾಕಬಾರದು ಎಂಬುದು ಬಾಸ್ಟನ್ನಿನವರ ತಕರಾರು. 2009ರಲ್ಲಿ ಬೀದಿಗಿಳಿದವರಿಗಾದರೋ ಪ್ರತಿನಿಧಿಗಳೂ ಇದ್ದರು, ಮತವೂ ಇತ್ತು. ಅವರು ಒಂದು ಚುನಾವಣೆಯಲ್ಲಿ ಸೋತಿದ್ದರು, ಅಷ್ಟೆ. ಸೋತದ್ದನ್ನು ಪ್ರಾತಿನಿಧ್ಯವೇ ಇಲ್ಲದ ಸ್ಥಿತಿ ಎಂದು ಭಾವಿಸಬೇಕಾದರೆ ನಿಜವಾದ ಜನತೆ ತಾವೇ ಎಂಬ ನಂಬಿಕೆ ಮೊದಲೇ ಇರಬೇಕು.

ಈ 18 ಮಂದಿ ಯಾರು? ಸಮೀಕ್ಷೆಯ ಪ್ರಕಾರ ಅವರು ಸಾಮಾನ್ಯ ಅಮೆರಿಕನ್ನರಿಗಿಂತ ಹೆಚ್ಚು ಓದಿದವರು, ಹೆಚ್ಚು ಅನುಕೂಲಸ್ಥರು. ಹೆಚ್ಚಿನವರು ಬಿಳಿಯರು, ವಿವಾಹಿತರು, 45 ದಾಟಿದವರು. ಗಂಡಸರ ಸಂಖ್ಯೆ ಹೆಚ್ಚು. ಪಕ್ಷಾತೀತ ಜನಸಾಮಾನ್ಯರ ದಂಗೆ ಎಂದು ಟಿವಿಯಲ್ಲಿ ಬಣ್ಣಿಸಲಾಗುತ್ತಿದ್ದರೂ ಅವರಲ್ಲಿ ಬಹುತೇಕರು ಮೊದಲಿನಿಂದಲೂ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕುತ್ತ ಬಂದವರು. 2006ರಲ್ಲಿ ತಾವು ಸಂದರ್ಶಿಸಿದ್ದ ಜನರನ್ನೇ ಇಬ್ಬರು ರಾಜ್ಯಶಾಸ್ತ್ರಜ್ಞರು 2011ರಲ್ಲಿ ಮತ್ತೆ ಸಂದರ್ಶಿಸಿ, ಟೀ ಪಾರ್ಟಿ ಬೆಂಬಲಿಗರಾದವರು ಚಳವಳಿ ಹುಟ್ಟುವುದಕ್ಕೂ ಮುಂಚೆಯೇ ಪಕ್ಷದ ಕಟ್ಟಾಳುಗಳಾಗಿದ್ದರು ಎಂದು ತೋರಿಸಿದರು. ಅದೇ ಏಪ್ರಿಲ್ ಸಮೀಕ್ಷೆಯಲ್ಲಿ, ಆ ವರ್ಷ ತಾವು ಕಟ್ಟಿದ ಆದಾಯ ತೆರಿಗೆ ನ್ಯಾಯವಾದದ್ದೇ ಎಂದವರು ಟೀ ಪಾರ್ಟಿ ಬೆಂಬಲಿಗರಲ್ಲಿ ಅರ್ಧಕ್ಕಿಂತ ಹೆಚ್ಚು. ವೃದ್ಧರ ಪಿಂಚಣಿಯಾದ ಸೋಷಿಯಲ್ ಸೆಕ್ಯುರಿಟಿಯೂ ವೃದ್ಧರ ವೈದ್ಯಕೀಯ ವೆಚ್ಚ ಭರಿಸುವ ಮೆಡಿಕೇರೂ ಖರ್ಚಿಗೆ ತಕ್ಕ ಯೋಜನೆಗಳೇ ಎಂದವರೂ ಅವರಲ್ಲಿ ಬಹುಮತದಲ್ಲಿದ್ದರು.

ದಕ್ಷಿಣ ಕೆರೊಲೈನಾದ ರಿಪಬ್ಲಿಕನ್ ಸಂಸದ ಬಾಬ್ ಇಂಗ್ಲಿಸ್ 2009ರ ಬೇಸಿಗೆಯಲ್ಲಿ ತಮ್ಮ ಕ್ಷೇತ್ರದ ಸಭೆಯೊಂದರಲ್ಲಿ ಕಂಡದ್ದನ್ನು ಮುಂದೆ ಪತ್ರಕರ್ತರಿಗೆ ಹೇಳಿದ್ದಾರೆ. ಒಬ್ಬರು ಎದ್ದು ನಿಂತು, ನನ್ನ ಮೆಡಿಕೇರ್ ತಂಟೆಗೆ ಸರ್ಕಾರ ಬರಬಾರದು ಎಂದರಂತೆ. ಸ್ವಾಮಿ, ನಿಮ್ಮ ಮೆಡಿಕೇರ್ ಕೊಡುತ್ತಿರುವುದೇ ಸರ್ಕಾರ ಎಂದು ಇಂಗ್ಲಿಸ್ ವಿನಯದಿಂದಲೇ ವಿವರಿಸಲು ನೋಡಿದರೆ ಆತ ಒಪ್ಪಲಿಲ್ಲವಂತೆ. ಈ ಪ್ರಸಂಗವನ್ನು ಹೇಳಿ ನಗುವವರು ಬಹಳ ಮಂದಿ. ನನಗೆ ನಗು ಬರುವುದಿಲ್ಲ. ನಲವತ್ತು ವರ್ಷ ದುಡಿದು, ಪ್ರತಿ ಸಂಬಳದಿಂದಲೂ ಒಂದಿಷ್ಟು ಮುರಿಸಿಕೊಂಡವರಿಗೆ ಮೆಡಿಕೇರ್ ಎಂದರೆ ತಾವು ಗಳಿಸಿದ್ದು. ದುಡಿಯದವರು ಪಡೆಯುವುದು ಮಾತ್ರ ಸರ್ಕಾರದ ಹಣ. ಊರೂರಿನ ಟೀ ಪಾರ್ಟಿ ಗುಂಪುಗಳ ಸಭೆಗಳಲ್ಲಿ ಕುಳಿತು ಬಂದ ಸಂಶೋಧಕರು ಕಂಡ ತಿರುಳು ಕೂಡ ಇದೇ: ದುಡಿದು ತಿನ್ನುವವರು ಮತ್ತು ಬಿಟ್ಟಿ ತಿನ್ನುವವರು ಎಂಬ ವಿಂಗಡಣೆ. ಈ ವಿಂಗಡಣೆಗೆ ಜನಾಂಗದ ಬಣ್ಣ ತಗುಲದೆ ಇರಲಿಲ್ಲ. ಕರಿಯರ ಸಮಸ್ಯೆಗಳನ್ನು ಅತಿಯಾಗಿ ದೊಡ್ಡದು ಮಾಡಲಾಗುತ್ತಿದೆ ಎಂದವರು ಒಟ್ಟು ಅಮೆರಿಕನ್ನರಲ್ಲಿ ಶೇ 28 ಇದ್ದರೆ ಟೀ ಪಾರ್ಟಿಯವರಲ್ಲಿ ಶೇ 52 ಇದ್ದರು. ಇನ್ನು ಇಂಗ್ಲಿಸ್ ಅವರ ಕಥೆ: ಅವರೇನೂ ಉದಾರವಾದಿಯಲ್ಲ, ಅಪ್ಪಟ ಸಂಪ್ರದಾಯವಾದಿ. ಆದರೂ 2010ರ ಜೂನಿನ ಪಕ್ಷದೊಳಗಿನ ಚುನಾವಣೆಯಲ್ಲಿ ಅವರಿಗೆ ಬಿದ್ದದ್ದು ನೂರಕ್ಕೆ 29 ಮತ.

ಈ ಪಕ್ಷದೊಳಗಿನ ಚುನಾವಣೆ, ಅಲ್ಲಿಯವರು ಪ್ರೈಮರಿ ಎನ್ನುವುದು, ನಮ್ಮ ಅನುಭವಕ್ಕೆ ಹೊರಗಿನದು. ನಮ್ಮಲ್ಲಿ ಟಿಕೆಟ್ ಹಂಚುವುದು ಹೈಕಮಾಂಡ್; ಟಿಕೆಟ್ ಸಿಗದವರು ಬಂಡಾಯ ನಿಲ್ಲುತ್ತಾರೆ ಅಥವಾ ಪಕ್ಷ ಬಿಡುತ್ತಾರೆ. ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂಬುದನ್ನು ಮತದಾರರೇ ಮತಗಟ್ಟೆಗೆ ಹೋಗಿ ತೀರ್ಮಾನಿಸುತ್ತಾರೆ, ಪಕ್ಷದ ಅಧ್ಯಕ್ಷರಿಗೂ ಅದನ್ನು ತಡೆಯುವ ಅಧಿಕಾರವಿಲ್ಲ. ಕೇಳಲು ಇದಕ್ಕಿಂತ ಪ್ರಜಾಸತ್ತಾತ್ಮಕವಾದ ಏರ್ಪಾಡು ಬೇರೆ ಇಲ್ಲ. ಆದರೆ ಆ ಮತಗಟ್ಟೆಗೆ ಹೋಗುವವರು ನವೆಂಬರಿನ ಮುಖ್ಯ ಚುನಾವಣೆಗೆ ಹೋಗುವವರ ಒಂದು ಸಣ್ಣ ಪಾಲು. ಹೆಚ್ಚಿನ ಕ್ಷೇತ್ರಗಳಲ್ಲಿ ಯಾವ ಪಕ್ಷ ಗೆಲ್ಲುತ್ತದೆ ಎಂಬುದು ಮೊದಲೇ ಹೆಚ್ಚುಕಡಿಮೆ ಖಚಿತವಾಗಿರುವುದರಿಂದ, ಪ್ರೈಮರಿ ಗೆದ್ದವರು ಅರ್ಧಕ್ಕಿಂತ ಹೆಚ್ಚು ಗೆದ್ದಂತೆಯೇ. ದೇಶದಲ್ಲಿ ನೂರಕ್ಕೆ 18 ಇದ್ದ ಗುಂಪಿಗೆ ಇಂಥ ಕಡೆ ಸಿಗುವ ತೂಕವನ್ನು ತಾವೇ ಊಹಿಸಬಹುದು.

2010ರ ನವೆಂಬರಿನಲ್ಲಿ ರಿಪಬ್ಲಿಕನ್ನರು ಅಲ್ಲಿನ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ 63 ಸ್ಥಾನಗಳನ್ನು ಹೆಚ್ಚಾಗಿ ಪಡೆದರು. ಕೆಂಟಕಿಯ ರ್‍ಯಾಂಡ್ ಪಾಲ್, ಫ್ಲಾರಿಡಾದ ಮಾರ್ಕೊ ರೂಬಿಯೊ, ಯೂಟಾದ ಮೈಕ್ ಲೀ ಮೇಲ್ಮನೆಯಾದ ಸೆನೆಟ್ ಸೇರಿದರು. ದಕ್ಷಿಣ ಕೆರೊಲೈನಾದಲ್ಲಿ ಪಂಜಾಬಿನಿಂದ ವಲಸೆ ಹೋದ ದಂಪತಿಯ ಮಗಳು ನಿಕ್ಕಿ ಹೇಲಿ ಟೀ ಪಾರ್ಟಿಯ ಬೆಂಬಲದಿಂದಲೇ ರಾಜ್ಯಪಾಲರಾದರು (ಅಲ್ಲಿ ರಾಜ್ಯಪಾಲರೆಂದರೆ ನಮ್ಮ ಮುಖ್ಯಮಂತ್ರಿಗಳಂತೆ ಚುನಾಯಿತರು). ಅದೇ ದಿನ ಡೆಲವೇರ್‌ನಲ್ಲೂ ನೆವಾಡಾದಲ್ಲೂ ಪಕ್ಷ ಗೆಲ್ಲಬಹುದಾಗಿದ್ದ ಸೆನೆಟ್ ಸ್ಥಾನಗಳು ಕೈತಪ್ಪಿದವು. ಡೆಲವೇರ್‌ನಲ್ಲಿ ಎಲ್ಲರಿಗೂ ಬೇಕಾಗಿದ್ದ ಮೈಕ್ ಕ್ಯಾಸಲ್ ಅವರನ್ನು ಪ್ರೈಮರಿಯಲ್ಲಿ ಸೋಲಿಸಿದ ಕ್ರಿಸ್ಟೀನ್ ಓಡಾನಲ್, ತಾನು ಮಾಟಗಾತಿಯಲ್ಲ ಎಂದು ಜಾಹೀರಾತು ಕೊಡಬೇಕಾದ ಸ್ಥಿತಿಗೆ ಬಂದು ಸೋತರು. 2012ರಲ್ಲಿ ಇಂಡಿಯಾನಾದಲ್ಲೂ ಹೀಗೆಯೇ ಆಯಿತು. 36 ವರ್ಷ ಸೆನೆಟರಾಗಿದ್ದ ರಿಚರ್ಡ್ ಲೂಗರ್ ಪ್ರೈಮರಿಯಲ್ಲಿ ಸೋತರು, ಅವರನ್ನು ಸೋಲಿಸಿದವರು ನವೆಂಬರಿನಲ್ಲಿ ಡೆಮಾಕ್ರಟರಿಗೆ ಸೋತರು. ಸೋಲು ಕಣ್ಣ ಮುಂದಿದ್ದರೂ ಪಕ್ಷದ ಹಿರಿಯರಿಗೆ ಪಾಠ ಸಿಕ್ಕಿದ್ದು ಬೇರೆಯೇ: ನವೆಂಬರಿನ ಸೋಲು ಪಕ್ಷದ್ದು, ಪ್ರೈಮರಿಯ ಸೋಲು ತಮ್ಮದು.

ಈಗ ಜನಮತದ ರೇಖೆಯನ್ನು ನೋಡೋಣ. ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಗಳಲ್ಲಿ 2010ರ ಫೆಬ್ರುವರಿಯಲ್ಲಿ ಟೀ ಪಾರ್ಟಿಯ ಬಗ್ಗೆ ಒಳ್ಳೆಯ ಅಭಿಪ್ರಾಯ ಇದ್ದವರು ಶೇ 33, ಕೆಟ್ಟ ಅಭಿಪ್ರಾಯ ಇದ್ದವರು ಶೇ 25. ಉಳಿದವರಿಗೆ ಅಭಿಪ್ರಾಯವೇ ಇರಲಿಲ್ಲ, ಅನೇಕರು ಹೆಸರನ್ನೇ ಕೇಳಿರಲಿಲ್ಲ. 2013ರ ಅಕ್ಟೋಬರಿನ ಹೊತ್ತಿಗೆ ಒಳ್ಳೆಯ ಅಭಿಪ್ರಾಯ ಶೇ 30ಕ್ಕೆ ಇಳಿದಿತ್ತು, ಕೆಟ್ಟ ಅಭಿಪ್ರಾಯ ಶೇ 49ಕ್ಕೆ ಏರಿತ್ತು. ಅಂದರೆ ಮೆಚ್ಚಿದವರು ಹೆಚ್ಚುಕಡಿಮೆ ಮೆಚ್ಚಿಯೇ ಉಳಿದರು. ಗೊತ್ತಿಲ್ಲದವರು ಗೊತ್ತಾದ ಮೇಲೆ ದೂರ ಸರಿದರು. ಪಕ್ಷದೊಳಗಿನ ಬಿರುಕು ಇನ್ನೂ ಸ್ಪಷ್ಟ. ಮಧ್ಯಮ ನಿಲುವಿನ ಮತ್ತು ಉದಾರ ಮನೋಭಾವದ ರಿಪಬ್ಲಿಕನ್ನರಲ್ಲಿ ಟೀ ಪಾರ್ಟಿಯನ್ನು ಮೆಚ್ಚುವವರು ಆ ವರ್ಷದ ಜೂನಿನಲ್ಲಿ ಶೇ 46 ಇದ್ದದ್ದು ಅಕ್ಟೋಬರಿಗೆ ಶೇ 27 ಆಯಿತು.

ನಾಲ್ಕು ತಿಂಗಳಲ್ಲಿ ಇಷ್ಟು ಕುಸಿಯಲು ಕಾರಣ ಎಲ್ಲರಿಗೂ ಕಂಡದ್ದೇ. ಒಬಾಮ ಅವರ ಆರೋಗ್ಯ ವಿಮೆ ಕಾಯ್ದೆಗೆ ಹಣ ಕೊಡುವುದನ್ನು ನಿಲ್ಲಿಸದ ಹೊರತು ಸರ್ಕಾರಕ್ಕೇ ಹಣ ಮಂಜೂರು ಮಾಡುವುದಿಲ್ಲ ಎಂದು ಟೆಕ್ಸಾಸಿನ ಟೆಡ್ ಕ್ರೂಸ್ ಮತ್ತು ಪ್ರತಿನಿಧಿ ಸಭೆಯಲ್ಲಿದ್ದ ಟೀ ಪಾರ್ಟಿ ಸದಸ್ಯರು ಹಟ ಹಿಡಿದರು. ಕ್ರೂಸ್ ಸೆನೆಟಿನಲ್ಲಿ ಒಂದೇ ಸಮನೆ 21 ಗಂಟೆ ಮಾತಾಡಿದರು. 2013ರ ಅಕ್ಟೋಬರ್ 1ರಿಂದ 16 ದಿನ ಒಕ್ಕೂಟ ಸರ್ಕಾರದ ಕಚೇರಿಗಳು ಮುಚ್ಚಿದವು. ಸುಮಾರು ಎಂಟು ಲಕ್ಷ ನೌಕರರನ್ನು ಮನೆಗೆ ಕಳಿಸಲಾಯಿತು. ಮೊದಲ ದಿನವೇ ವಾಷಿಂಗ್ಟನ್ನಿನ ಎರಡನೆಯ ಮಹಾಯುದ್ಧದ ಸ್ಮಾರಕವನ್ನು ನೋಡಲು ಮಿಸಿಸಿಪಿಯಿಂದ ಬಂದಿದ್ದ ವೃದ್ಧ ಯೋಧರ ಗುಂಪು ಎದುರಾದ ತಡೆಬೇಲಿಯನ್ನು ದಾಟಿ ಒಳಗೆ ಹೋಗಬೇಕಾಯಿತು. ಬೆಂಗಳೂರಿಗೂ ಅದರ ಬಿಸಿ ತಟ್ಟಿತು. ಎಚ್-1ಬಿ ವೀಸಾಕ್ಕೆ ಅರ್ಜಿ ಹಾಕುವ ಮೊದಲು ಅಲ್ಲಿನ ಕಾರ್ಮಿಕ ಇಲಾಖೆ ಉದ್ಯೋಗದಾತರ ದಾಖಲೆಯೊಂದನ್ನು ದೃಢೀಕರಿಸಬೇಕು. ಆ ಇಲಾಖೆಯ ಕೆಲಸ ನಿಂತುಹೋಗಿ ನಮ್ಮ ಸಾಫ್ಟ್‌ವೇರ್ ಎಂಜಿನಿಯರುಗಳ ಹೊಸ ಅರ್ಜಿಗಳೂ ಇದ್ದಲ್ಲೇ ನಿಂತವು. ಆ ತಿಂಗಳು ಗ್ಯಾಲಪ್ ಸಂಸ್ಥೆ ರಿಪಬ್ಲಿಕನ್ ಪಕ್ಷದ ಬಗ್ಗೆ ಕೇಳಿದಾಗ ಒಳ್ಳೆಯ ಅಭಿಪ್ರಾಯ ಇದೆ ಎಂದವರು ಶೇ 28. ಆ ಪ್ರಶ್ನೆಯನ್ನು ಕೇಳಲು ಆರಂಭಿಸಿದ 1992ರಿಂದ ಅಲ್ಲಿಯವರೆಗೆ ಯಾವ ಪಕ್ಷಕ್ಕೂ ಅಷ್ಟು ಕಡಿಮೆ ಬಂದಿರಲಿಲ್ಲ.

ಇಷ್ಟಾದ ಮೇಲೆ ಜನ ಶಿಕ್ಷೆ ಕೊಡಬೇಕಿತ್ತಲ್ಲವೇ ಎಂದು ತಾವು ಕೇಳಬಹುದು. ಹದಿಮೂರು ತಿಂಗಳ ನಂತರ ನಡೆದ 2014ರ ಚುನಾವಣೆಯಲ್ಲಿ ರಿಪಬ್ಲಿಕನ್ನರು ಸೆನೆಟನ್ನೂ ಗೆದ್ದುಕೊಂಡರು. ಆರೋಗ್ಯ ವಿಮೆಯ ಜಾಲತಾಣ ಆರಂಭದಲ್ಲೇ ಕೈಕೊಟ್ಟದ್ದು, ಅಧ್ಯಕ್ಷರ ಬಗ್ಗೆ ಬೇಸರ, ಅಧ್ಯಕ್ಷರ ಅವಧಿಯ ನಡುವೆ ಬರುವ ಇಂಥ ಚುನಾವಣೆಯಲ್ಲಿ ಯುವಕರು ಮತ ಹಾಕಲು ಹೋಗದಿರುವುದು, ಇವೆಲ್ಲ ಕಾರಣಗಳು. ಸಮೀಕ್ಷೆಯವರು ಫೋನ್ ಮಾಡಿದಾಗ ಕೆಟ್ಟ ಅಭಿಪ್ರಾಯ ಇದೆ ಎಂದವರಿಗೆ ಆ ಅಭಿಪ್ರಾಯ ನೂರು ಸಂಗತಿಗಳಲ್ಲಿ ಒಂದು. ಟೀ ಪಾರ್ಟಿಯವರಿಗೆ ಅದೊಂದೇ ಸಂಗತಿ. ಜನಮತವನ್ನು ಅಳೆಯುವ ನಮ್ಮ ಮಾಪನಗಳು ಎಷ್ಟು ಜನ ಎಂಬುದನ್ನು ಚೆನ್ನಾಗಿ ಹೇಳುತ್ತವೆ, ಎಷ್ಟು ಗಾಢವಾಗಿ ಎಂಬುದನ್ನು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ತೀವ್ರ ನಿಲುವಿನ ಚಳವಳಿಗಳನ್ನು ಅಂದಾಜಿಸುವಲ್ಲಿ ಪತ್ರಕರ್ತರೂ ಪಂಡಿತರೂ ಎಡವಿದ್ದು ಇಲ್ಲಿಯೇ ಎಂದು ನಾನು ದೃಢವಾಗಿ ಹೇಳುತ್ತೇನೆ.

ಗ್ಯಾಲಪ್ ಬೇರೊಂದು ರೀತಿಯಲ್ಲಿ ಪ್ರಶ್ನೆ ಕೇಳುತ್ತ ಬಂದಿತ್ತು: ನೀವು ಟೀ ಪಾರ್ಟಿಯ ಬೆಂಬಲಿಗರೋ, ವಿರೋಧಿಗಳೋ, ಎರಡೂ ಅಲ್ಲವೋ? 2010ರ ನವೆಂಬರಿನಲ್ಲಿ ಬೆಂಬಲಿಗರು ಶೇ 32 ಇದ್ದರು. 2015ರ ಅಕ್ಟೋಬರಿನಲ್ಲಿ ಶೇ 17. ಆಗ ವಿರೋಧಿಗಳು ಶೇ 24. ಎರಡೂ ಅಲ್ಲ ಎಂದವರು ಶೇ 54. ಬೆಂಬಲ ನೆಲಕಚ್ಚಿತು, ಚಳವಳಿ ಮುಗಿಯಿತು ಎಂದು ಬರೆದವರಿದ್ದಾರೆ. ಆದರೆ ಆ ತಿಂಗಳಲ್ಲಿ ಏನೇನು ನಡೆಯಿತು ನೋಡಿ. ಪ್ರತಿನಿಧಿ ಸಭೆಯ ಸ್ಪೀಕರ್ ಜಾನ್ ಬೇನರ್, ಆ ವರ್ಷದ ಆರಂಭದಲ್ಲಿ ಹುಟ್ಟಿದ್ದ ಫ್ರೀಡಂ ಕಾಕಸ್ ಎಂಬ ಸ್ವಪಕ್ಷೀಯರ ಬಣದ ಕಾಟ ತಾಳಲಾರದೆ ಅಧಿಕಾರ ಬಿಟ್ಟು ಹೊರಟರು. ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಗಳ ಸಾಲಿನಲ್ಲಿ ಮುಂದಿದ್ದವರು ಡೊನಾಲ್ಡ್ ಟ್ರಂಪ್ ಮತ್ತು ಬೆನ್ ಕಾರ್ಸನ್. ಇಬ್ಬರೂ ಅಲ್ಲಿಯವರೆಗೆ ಯಾವ ಚುನಾಯಿತ ಹುದ್ದೆಯನ್ನೂ ಕಂಡವರಲ್ಲ. ಹೆಸರಿಗೆ ಬೆಂಬಲ ಇಳಿದದ್ದು ನಿಜ. ಆ ಜನ ಎಲ್ಲಿಗೂ ಹೋಗಿರಲಿಲ್ಲ, ಅವರ ಮನಸ್ಸು ಪಕ್ಷದ ಮನಸ್ಸೇ ಆಗುತ್ತಿತ್ತು. ಪಕ್ಷವೇ ತಮ್ಮದಾಗುತ್ತಿರುವಾಗ ಬೇರೆ ಹೆಸರಿನ ಅಗತ್ಯ ಅವರಿಗಿರಲಿಲ್ಲ. 2023ರ ಅಕ್ಟೋಬರ್ 3ರಂದು ಇನ್ನೊಬ್ಬ ರಿಪಬ್ಲಿಕನ್ ಸ್ಪೀಕರ್ ಕೆವಿನ್ ಮೆಕಾರ್ಥಿ 216-210 ಮತಗಳಿಂದ ಪದಚ್ಯುತರಾದಾಗ ಅದಕ್ಕೆ ಬೇಕಾದದ್ದು ಸ್ವಪಕ್ಷದ ಎಂಟು ಮಂದಿ ಮಾತ್ರ. ಅಂದು ಟೀ ಪಾರ್ಟಿ ಎಂಬ ಮಾತನ್ನು ಯಾರೂ ಆಡಬೇಕಾಗಿರಲಿಲ್ಲ.

ಕೊನೆಯದಾಗಿ ವರ್ಜೀನಿಯದ ಏಳನೆಯ ಕ್ಷೇತ್ರದ ಪ್ರಸಂಗ. ಎರಿಕ್ ಕ್ಯಾಂಟರ್ ಪ್ರತಿನಿಧಿ ಸಭೆಯ ಬಹುಮತದ ನಾಯಕರು, ಮುಂದಿನ ಸ್ಪೀಕರ್ ಎಂದೇ ಎಣಿಸಲಾಗಿದ್ದವರು. 2014ರ ಜೂನ್ 10ರ ಪ್ರೈಮರಿಯಲ್ಲಿ ಅವರೆದುರು ನಿಂತವರು ಡೇವ್ ಬ್ರ್ಯಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕರು. ಕ್ಯಾಂಟರ್ ಖರ್ಚು ಮಾಡಿದ್ದು ಐವತ್ತು ಲಕ್ಷ ಡಾಲರಿಗೂ ಹೆಚ್ಚು. ಬ್ರ್ಯಾಟ್ ಅವರದು ಅದರ ಒಂದು ಚೂರು. ರಾಷ್ಟ್ರಮಟ್ಟದ ಟೀ ಪಾರ್ಟಿ ಸಂಘಟನೆಗಳು ಕೂಡ ಬ್ರ್ಯಾಟ್ ಗೆಲ್ಲುತ್ತಾರೆಂದು ನಂಬಿ ಹಣ ಹಾಕಿರಲಿಲ್ಲ. ಕ್ಯಾಂಟರ್ ತಾವೇ ಮಾಡಿಸಿದ್ದ ಸಮೀಕ್ಷೆ ಅವರಿಗೆ ನೂರಕ್ಕೆ 34ರ ಮುನ್ನಡೆ ತೋರಿಸಿತ್ತು. ಅವರು ನೂರಕ್ಕೆ 11ರ ಅಂತರದಿಂದ ಸೋತರು. ಒಟ್ಟು ಮತ ಹಾಕಿದವರು ಸುಮಾರು 65,000. ಎರಡು ವರ್ಷ ಮೊದಲು ಮುಖ್ಯ ಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ ಕ್ಯಾಂಟರ್ ಒಬ್ಬರಿಗೇ 2,20,000ಕ್ಕೂ ಹೆಚ್ಚು ಮತ ಬಿದ್ದಿತ್ತು.

ಈ ಉಪನ್ಯಾಸವನ್ನು ಮೊದಲ ಸಲ ಕೊಟ್ಟಾಗ ಒಬ್ಬ ವಿದ್ಯಾರ್ಥಿನಿ ಎದ್ದು, ಹಾಗಾದರೆ ಉಳಿದವರನ್ನು ಒಳಗೆ ಬಿಡದ ವ್ಯವಸ್ಥೆಯದೇ ತಪ್ಪಲ್ಲವೇ ಸರ್ ಎಂದು ಕೇಳಿದರು. ಕೆಲವು ರಾಜ್ಯಗಳ ಮಟ್ಟಿಗೆ ಆ ಮಾತು ಸರಿ. ಪಕ್ಷದಲ್ಲಿ ಹೆಸರು ನೋಂದಾಯಿಸಿದವರಿಗೆ ಮಾತ್ರ ಅಲ್ಲಿ ಪ್ರೈಮರಿಯ ಬಾಗಿಲು ತೆರೆಯುತ್ತದೆ. ವರ್ಜೀನಿಯ ಅಂಥ ರಾಜ್ಯವಲ್ಲ. ಅಲ್ಲಿ ಪಕ್ಷವಾರು ನೋಂದಣಿಯೇ ಇಲ್ಲ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಯಾರು ಬೇಕಾದರೂ ಹೋಗಿ ಮತ ಹಾಕಬಹುದು. ಆ ಮಂಗಳವಾರ ಮತಗಟ್ಟೆಗಳು ಬೆಳಿಗ್ಗೆ ಆರಕ್ಕೆ ತೆರೆದು ಸಂಜೆ ಏಳರವರೆಗೂ ತೆರೆದೇ ಇದ್ದವು.